ಅಟ್ಟಕ್ಕೆ ಹಲಗೆ ಹಾಕುವ ಮುನ್ನ

ಎಮ್ರಿಸ್,

ನಿಮ್ಮಪ್ಪನ ಸಮಾಧಿಯ ಕಲ್ಲಿನ ಮೇಲೆ ಹೆಸರು ಕೆತ್ತಲು ಹೇಳಿ ಬರುತ್ತೇನೆ. ನಿನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಒಲೆಯ ಮೇಲೆ ಕುರಿಮಾಂಸದ ಸಾರಿದೆ, ಉಂಡ ಮೇಲೇ ಅಟ್ಟ ಹತ್ತು.

ಅಪ್ಪ ಹಾಕಿದ್ದ ಹಲಗೆಗಳನ್ನೆಲ್ಲ ಕಿತ್ತುಬಿಡು. ತೊಲೆ ಬಿಟ್ಟು ಬೇರೆಲ್ಲೂ ಕಾಲಿಡಬೇಡ ಕಣೋ, ಸೀಲಿಂಗ್ ಒಡೆದು ನನ್ನ ಮಂಚದ ಮೇಲೇ ಬೀಳುತ್ತೀಯ. ಮೊದಲು ತೊಲೆಗಳಿಗೆ ಹಲಗೆ ಎತ್ತರಿಸಲು ತಂದಿರುವ ಪ್ಲಾಸ್ಟಿಕ್ ಕಾಲುಗಳನ್ನು ಬಿಗಿ, ನಡುವೆ ಹೊಸ ಉಣ್ಣೆ ಹಾಸು, ಆಮೇಲೆ ಕಾಲುಗಳ ಮೇಲೆ ಹಲಗೆ ಕೂರಿಸು. ಉಣ್ಣೆ ಉಬ್ಬಿಕೊಂಡೇ ಇರಬೇಕು. ಅದುಮಿದರೆ ಅದು ಚಳಿ ತಡೆಯುವುದಿಲ್ಲ.

ನಿಮ್ಮಪ್ಪ ಉಣ್ಣೆ ಅದುಮಿಯೇ ಹಲಗೆಗೆ ಮೊಳೆ ಹೊಡೆದರು. ಹನ್ನೆರಡು ಚಳಿಗಾಲ ಕೋಟು ಹಾಕಿಕೊಂಡು ಮಲಗಿದರೇ ಹೊರತು ತಪ್ಪು ಒಪ್ಪಲಿಲ್ಲ. ಕೇಳಿದರೆ, "ಹಳೇ ಮನೆ ಕಣೇ, ಚಳಿ ಇದ್ದೇ ಇರುತ್ತೆ" ಅನ್ನೋರು.

ಮೇಲೆ ಹಗುರ ಸಾಮಾನು ಮಾತ್ರ ಇಡು. ಕ್ರಿಸ್‌ಮಸ್ ಪೆಟ್ಟಿಗೆ, ಖಾಲಿ ಸೂಟ್‌ಕೇಸು, ಅವರ ಅಂಗಿಗಳ ಗಂಟು ಹೋಗಲಿ. ಪುಸ್ತಕಗಳ ಭಾರ ಆ ತೊಲೆಗಳು ತಡೆಯವು, ಅವು ಕೆಳಗೇ ಇರಲಿ.

ಬಾಗಿಲ ಹಿಂದೆ ನೇತುಹಾಕಿರುವ ಅವರ ಕೋಟನ್ನು ಮಾತ್ರ ಮುಟ್ಟಬೇಡ. ಮನೆ ಬೆಚ್ಚಗಾದ ಮೇಲೂ ನನಗದು ಬೇಕು.

ಅಮ್ಮ