ಒಂಬತ್ತು ಬಿಟ್ಟರೆ ಉಳಿಯುವುದು

ಗಣಿತದ ಮೇಷ್ಟ್ರಿಗೆ ನಮಸ್ಕಾರಗಳು.

ಮೂವತ್ತು ಅಂಕಿಯ ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿದರೆ ಉಳಿಯುವುದೆಷ್ಟು ಎಂಬ ಲೆಕ್ಕಕ್ಕೆ ನನ್ನ ಮಗಳು ‘ನಾಲ್ಕು’ ಎಂದಷ್ಟೇ ಬರೆದಳು. ಉತ್ತರ ಸರಿಯಿದ್ದರೂ ನೀವು ಸೊನ್ನೆ ಹಾಕಿ, “ಯಾರದ್ದು ಕದ್ದು ಬರೆದೆ?” ಎಂದಿರಂತೆ. ಶಾಲೆಗೇ ಹೋಗೊಲ್ಲ ಅಂತ ಕೂತಿದ್ದಾಳೆ.

ಅದು ನಾನು ಕಲಿಸಿದ್ದು. ನಾನು ಕೆಲಸ ಮಾಡುವ ಗೋದಾಮಿನಲ್ಲಿ ಮೂಟೆಗಳ ಉದ್ದುದ್ದ ನಂಬರನ್ನು ನಾವು ಹೀಗೇ ತಾಳೆ ನೋಡುವುದು. ಅಂಕಿಗಳನ್ನು ಕೂಡುತ್ತಾ, ಒಂಬತ್ತಾದಾಗ, ದಾಟಿದಾಗಲೆಲ್ಲ ಒಂಬತ್ತನ್ನು ಬಿಟ್ಟುಬಿಟ್ಟರೆ ಕೊನೆಗೆ ಉಳಿದದ್ದೇ ಉತ್ತರ. ಸಂಖ್ಯೆ ಎಷ್ಟೇ ದೊಡ್ಡದಿರಲಿ, ದೇವರು ಈ ನಿಯಮ ತಪ್ಪಿಸಿಲ್ಲ.

ಅಂಕ ಕೊಡದಿದ್ದರೂ ಸರಿ, ಕದ್ದಳೆಂಬ ಮಾತನ್ನು ಮಕ್ಕಳೆದುರೇ ಹಿಂದಕ್ಕೆ ತೆಗೆದುಕೊಳ್ಳಿ. ನಾಳೆ ಅವಳನ್ನು ಕರೆತರುತ್ತೇನೆ. ಕರಿಹಲಗೆಯ ಈ ತುದಿಯಿಂದ ಆ ತುದಿಗೆ ಅಂಕಿ ಬರೆಯಿರಿ. ನೀವು ಕೈ ಒರೆಸಿಕೊಳ್ಳುವಷ್ಟರಲ್ಲಿ ಉತ್ತರ ಹೇಳುತ್ತಾಳೆ. ದೇವರಾಣೆ, ನಾನು ಬಾಯಿ ಬಿಡುವುದಿಲ್ಲ.

ಇಂತಿ,
ಕೊನೇ ಬೆಂಚಿನ ಹುಡುಗಿಯ ತಾಯಿ