ಬ್ಯಾಟ್ರಿ ಬೆಳಕು ಬಿದ್ದ ಕೃತ್ತಿಕೆ

ಕ್ಯಾಮೆರಾ ಹಿಡಿಯಲು ಕಲಿಸಿದ ನಾಗಣ್ಣನಿಗೆ,

ನಿಮ್ಮದೊಂದು ಫೋಟೊ ಸಿಕ್ಕಿದೆ. ನಿನ್ನೆ ಮಧ್ಯಾಹ್ನ ಫೋನ್ ಮಾಡಿ ತಿಳಿಸಿದವಳು ನಿಮ್ಮ ಮಗಳು ಸುಮಾ. ನೀವು ತೀರಿಕೊಂಡ ದಿನದಿಂದ ಮನೆಯಲ್ಲಿ ಹುಡುಕಾಟ ನಡೆದೇ ಇತ್ತು. ನರಸಿಂಹರಾಜಪುರದ ಅರ್ಧ ಊರಿನ ಮದುವೆ ತೆಗೆದವರು ನೀವು. ಹಾರ ಹಾಕಲು ನಿಮ್ಮದೇ ಒಂದು ಫೋಟೊ ಇರಲಿಲ್ಲ. ಇದ್ದದ್ದು ಆಧಾರ್ ಕಾರ್ಡಿನದು. ಅದನ್ನು ನೋಡಿ ಜಯಕ್ಕ, "ಇದ್ಯಾರು ಮಾರಾಯ? ನಮ್ಮನೆಯವ್ರಲ್ಲ" ಎಂದು ಬೋರಲು ಹಾಕಿದರು.

ಸೀತೂರಿನ ಗದ್ದೆ ಬಯಲಿಗೆ ಮೊದಲ ಸಲ ಹೋದ ಸಂಜೆ ನೆನಪಿದೆಯೇ? ನಕ್ಷತ್ರ ತೆಗೆಯಲು ದೊಡ್ಡ ಲೆನ್ಸ್ ಬೇಕು ಎಂದು ನಾನು ಹಟ ಹಿಡಿದಿದ್ದೆ. "ಮದುವೆ ತೆಗೆಯೋ ಐವತ್ತರ ಲೆನ್ಸೇ ಸಾಕು. ಆಕಾಶಕ್ಕೆ ಎಂತ ಬೇರೆ ಮರ್ಯಾದೆ?" ಎಂದಿರಿ. ಲೆನ್ಸಿನ ಮೇಲಿದ್ದ ಅನಂತದ ಗುರುತಿಗೆ ನೀವಿಟ್ಟ ಹೆಸರು ಮಲಗಿದ ಎಂಟು. "ಎಂಟರವರೆಗೆ ತಿರುಗ್ಸು, ಕೂದಲೆಳೆ ಹಿಂದೆ ಬಾ. ಶಟರ್ ಐದಾರು ಸೆಕೆಂಡು ತೆರೆದಿದ್ರೆ ಸಾಕು. ಜಾಸ್ತಿ ಬಿಟ್ರೆ ಚುಕ್ಕಿ ಗೆರೆಯಾಗುತ್ತೆ." ಈಗಲೂ ಆ ಉಂಗುರ ತಿರುಗಿಸುವಾಗ ನಿಮ್ಮ ದನಿ...

ನಮಗೆ ತೊಂದರೆ ಕೊಟ್ಟದ್ದು ಲೆನ್ಸ್ ಅಲ್ಲ, ಊರಿನ ಒಳ್ಳೆಯತನ. ಕತ್ತಲಲ್ಲಿ ನಿಂತವರ ಮೇಲೆ ಬ್ಯಾಟ್ರಿ ಬಿಟ್ಟು ಮಾತಾಡಿಸದೆ ಮುಂದೆ ಹೋಗುವವರು ಇಲ್ಲಿ ಯಾರಿದ್ದಾರೆ? ಅವತ್ತು ಪೂರ್ವದ ಗುಡ್ಡದ ಮೇಲೆ ಕೃತ್ತಿಕೆ ಆಗಷ್ಟೇ ಏರಿತ್ತು. ಚೌಕಟ್ಟಿಗೆ ಅಡ್ಡ ಬಂದ ಕೊಂಬೆಯನ್ನು ಬಗ್ಗಿಸಿ ಹಿಡಿಯಲು ನೀವು ಮುಂದೆ ಹೋಗಿದ್ದಿರಿ. ನಾನು ಬಟನ್ ಒತ್ತಿದೆ. ತೋಟದ ಕೆಲಸ ಮುಗಿಸಿ ಬರುತ್ತಿದ್ದ ಪುಟ್ಟಯ್ಯ ನನ್ನ ಬೆನ್ನ ಹಿಂದಿನಿಂದ ಬೆಳಕು ಬಿಟ್ಟ.

"ಯಾರದು? ನಾಗಣ್ಣನಾ? ಎಂತ ಕಳ್ಕೊಂಡ್ರಿ?"

"ಆಕಾಶ ತೆಗೀತಿದೀವಿ ಮಾರಾಯ, ಬ್ಯಾಟ್ರಿ ಆರ್ಸು!"

"ಈ ಕತ್ಲಲ್ಲಾ? ಎಂತ ಕಾಣುತ್ತೆ? ತಡೀರಿ, ನಾನು ಹಿಡೀತೀನಿ" ಎಂದು ಅವನು ಕೃತ್ತಿಕೆಯ ಕಡೆಗೇ ಬ್ಯಾಟ್ರಿ ಎತ್ತಿ ಹಿಡಿದು ನಿಂತ. ನೀವು ನಗುತ್ತ ಬದುವಿನ ಮೇಲೆ ಕೂತುಬಿಟ್ಟಿರಿ.

ಬೆಳಕು ಬೀಳದ ಒಂದು ಚಿತ್ರಕ್ಕಾಗಿ ಆಮೇಲೂ ಎಷ್ಟು ಸಲ ಹೋದೆವು! ಈ ಚಳಿಗಾಲ ಸಿರಿಮನೆ ಕಡೆಗೆ ಹೋಗೋಣ, ಅಲ್ಲಿ ಜನರ ಓಡಾಟ ಕಡಿಮೆ ಎಂದಿದ್ದಿರಿ. ಹೋಗಿದ್ದರೆ...

ಕೆಟ್ಟ ಚಿತ್ರಗಳನ್ನು ನೀವು ಅಳಿಸುತ್ತಿರಲಿಲ್ಲ. ಅವನ್ನೆಲ್ಲ ಕಂಪ್ಯೂಟರಿನಲ್ಲಿ 'ಬ್ಯಾಟ್ರಿ' ಎಂಬ ಹೆಸರಿನಡಿ ಇಟ್ಟಿದ್ದಿರಿ. ಸುಮಾಳಿಗೆ ಆ ಮೊದಲ ಸಂಜೆಯ ಚಿತ್ರ ಸಿಕ್ಕಿದ್ದು ಅಲ್ಲಿ. ಒಂದು ಕೈಯಲ್ಲಿ ಕೊಂಬೆ, ತಿರುಗಿದ ಮುಖ, ಬೈಯಲು ತೆರೆದ ಬಾಯಲ್ಲೇ ನಗು. ಫೋಕಸ್ ಚುಕ್ಕಿಗಳ ಮೇಲಿದೆ. ಹಾಗಾಗಿ ಕೃತ್ತಿಕೆ ಸ್ಪಷ್ಟ, ನೀವು ಮಸುಕು.

ಇವತ್ತು ಬೆಳಿಗ್ಗೆ ಅದನ್ನು ಕೊಪ್ಪದ ಫ್ರೇಮ್ ಅಂಗಡಿಗೆ ಒಯ್ದೆ. "ಮೇಲೆ ಬಿಳಿ ಧೂಳಿದೆಯಲ್ಲ ಅಣ್ಣ, ತೆಗ್ದು ನೀಲಿ ಬ್ಯಾಕ್‌ಗ್ರೌಂಡ್ ಹಾಕ್ತೀನಿ" ಎಂದ ಅಂಗಡಿಯವನು. ಸತ್ತವರ ಫೋಟೊಗೆ ಎಲ್ಲರೂ ನೀಲಿಯನ್ನೇ ಹಾಕಿಸುವುದಂತೆ. ಮುಖ ಮಸುಕು, ಹಿಂದೆ ಧೂಳು, ಬಂದವರು ಏನೆಂದಾರು? ಜಯಕ್ಕನಿಗೇ ಫೋನ್ ಹಚ್ಚಿದೆ.

"ಧೂಳಲ್ಲ ಅಂತ ಹೇಳು ಅವ್ನಿಗೆ. ಮುಖ ಮಸ್ಕಾದ್ರೆ ಅಡ್ಡಿಲ್ಲ, ನಂಗೆ ಗುರ್ತು ಸಿಗುತ್ತೆ. ಚುಕ್ಕಿ ಒಂದೂ ತೆಗೀಬಾರ್ದು" ಎಂದರು.

ಪುಟ್ಟಯ್ಯನಿಗೂ ಚಿತ್ರ ತೋರಿಸಿದೆ. "ನಾನು ಬೆಳಕು ಬಿಟ್ಟಿದ್ದು ಉಪಯೋಗಕ್ಕೆ ಬಂತಲ್ಲ" ಎಂದವನು ಮುಖ ಆಚೆ ತಿರುಗಿಸಿದ.

ಫ್ರೇಮ್ ನಾಳೆ ಸಂಜೆ ಸಿಗುತ್ತದೆ. ನಾಡಿದ್ದು ಹನ್ನೊಂದು ಗಂಟೆಗೆ ನಿಮ್ಮ ವೈಕುಂಠ ಸಮಾರಾಧನೆ. ಹಾರ ಪುಟ್ಟಯ್ಯ ತರುತ್ತಾನೆ.

ಸತೀಶ