ಕಾಗೆಯ ಮುಂದೆ ಕೊಟ್ಟ ಮಾತು

ಗಣಪಣ್ಣಾ,

‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಅಂತ ಶುರು ಮಾಡಲು ಹೋಗಿ ಪೆನ್ನು ನಿಂತಿತು. ನೀನು ಬರೆಯುವವನಲ್ಲ. ಬದುಕಿದ್ದಾಗಲೇ ಯಾರಿಗೂ ಒಂದು ಕಾರ್ಡು ಹಾಕಿದವನಲ್ಲ. ಆದರೆ ನಾಟಕ ಮುಗಿದ ಮೇಲೆ ಜನ ಏನಂದರು ಅಂತ ಕೇಳದೆ ನಿನಗೆ ಅನ್ನ ಸೇರುತ್ತಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ನಾಟಕದ ಎರಡನೆಯ ಭಾಗ ಆಯಿತು. ಅಂಕೋಲೆಯಲ್ಲೊಂದು ಪ್ರಯೋಗ, ಕಾರವಾರದಲ್ಲೊಂದು. ಅಭಿಪ್ರಾಯ ಎಲ್ಲ ಹೇಳುತ್ತೇನೆ. ಆದರೆ ಮೊದಲು ಕಾಗೆಯ ವಿಷಯ. ಅದನ್ನು ಬಿಟ್ಟು ಮುಂದೆ ಹೋದರೆ ನಾನು ಕಳ್ಳನಾಗುತ್ತೇನೆ.

ನಿನ್ನ ಹನ್ನೆರಡನೆಯ ದಿನ, ಬೆಳಂಬಾರದ ಮನೆಯ ಹಿತ್ತಿಲಲ್ಲಿ ಬಾಳೆಲೆಯ ಮೇಲೆ ಪಿಂಡ ಇಟ್ಟು ನಾವೆಲ್ಲ ಹಿಂದೆ ಸರಿದು ನಿಂತಿದ್ದೆವು. ತೆಂಗಿನ ಮರದಲ್ಲಿ ನಾಲ್ಕು ಕಾಗೆ ಕೂತಿದ್ದವು. ಒಂದೂ ಇಳಿಯಲೊಲ್ಲದು. ಇದನ್ನೇ ಮೊದಲ ಭಾಗದಲ್ಲಿ ಬರೆದು ಊರಿಗೆ ಊರನ್ನೇ ನಗಿಸಿದವನು ನೀನಲ್ಲವೇ? ಅದರಲ್ಲಿ ಸತ್ತ ಸಣ್ಣಪ್ಪ ಮೇಲೆ ಹೋಗಿ ನೋಡಿದರೆ ಅಲ್ಲಿ ಸ್ವರ್ಗವೂ ಇಲ್ಲ, ನರಕವೂ ಇಲ್ಲ. ನೀನು ಕಂಟ್ರೋಲರ್ ಆಗಿ ಮೈಕ್ ಹಿಡಿದು ಕೂರುತ್ತಿದ್ದ ಬಸ್‌ಸ್ಟ್ಯಾಂಡಿನಂಥದೇ ಒಂದು ಸ್ಟ್ಯಾಂಡು. ಕೆಳಗೆ ಕಾಗೆ ಪಿಂಡ ಮುಟ್ಟುವ ತನಕ ಅವನ ಬಸ್ಸು ಬಿಡುವುದಿಲ್ಲ. ಆ ಸಣ್ಣಪ್ಪನ ಪಾತ್ರ ಮಾಡಿ ಚಪ್ಪಾಳೆ ಹೊಡೆಸಿಕೊಂಡವ ನಾನು. ಅವತ್ತು ಹಿತ್ತಿಲಲ್ಲಿ ತೆಂಗಿನ ಮರದಿಂದ ಕಣ್ಣು ಕೀಳಲಿಲ್ಲ.

ಭಟ್ಟರು ಹೇಳಿದರು: “ಏನೋ ಆಸೆ ಉಳದದೆ. ಮನೆಯವ್ರು ಮಾತು ಕೊಡಿ.” ನಿನ್ನ ಹೆಂಡತಿ, ನಮ್ಮ ವೈನಿ, ಮುಂದೆ ಬಂದಳು. “ನಿಮ್ಮ ಆಯಿನ ನಾ ನೋಡ್ಕಂತೆ,” ಅಂದಳು, ನಿನ್ನ ತಾಯಿಯ ಕಡೆ ನೋಡಿ. ಕಾಗೆ ಅಲ್ಲಾಡಲಿಲ್ಲ. “ಮಗಳನ್ನ ಓದಸ್ತೆ. ಅರ್ಧಕ್ಕೆ ಬಿಡಸೂದಿಲ್ಲ.” ಒಂದು ಕಾಗೆ ಮೈ ಕೆರೆದುಕೊಂಡಿತು. “ನಾ ಗಟ್ಟಿ ಇರ್ತೆ. ನೀವು ನಿಶ್ಚಿಂತೆಯಿಂದ ಹೋಗಿ.” ಅದಕ್ಕೂ ಇಲ್ಲ. ಭಟ್ಟರು ಪಿಂಡವನ್ನು ದನಕ್ಕೆ ಕೊಟ್ಟುಬಿಡುವ ಮಾತು ತೆಗೆದರು. ಅಷ್ಟರಲ್ಲಿ ನನ್ನ ಬಾಯಿಂದ, ದೇವರಾಣೆ ಯೋಚಿಸದೆ, ಬಿದ್ದುಬಿಟ್ಟಿತು: “ಗಣಪಣ್ಣಾ, ಎರಡನೇ ಭಾಗ ನಾವು ಆಡೇ ಆಡ್ತೇವೋ!” ದಡಕ್ಕನೆ ಇಳಿಯಿತು ನೋಡು, ಎಲ್ಲಕ್ಕಿಂತ ದೊಡ್ಡ ಕಾಗೆ. ಹಿಂದಿನಿಂದ ಯಾರೋ ಕಿಸಕ್ಕೆಂದರು. “ಅಂವಗೆ ನಾಟಕದ ಮೇಲೇ ಜೀವ,” ಅಂದರು. ವೈನಿ ಕೈಯಲ್ಲಿದ್ದ ಚೊಂಬನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ಅವತ್ತಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ಮನೆಗೆ ಹೋದರೆ ಚಹಾ ಬರುತ್ತಿತ್ತು, ಮಗಳ ಕೈಯಲ್ಲಿ. ಅವಳ ಮೂರು ಮಾತಿಗೆ ಬಾರದವನು ನನ್ನ ಒಂದು ಮಾತಿಗೆ ಬಂದೆಯಲ್ಲ, ಇಷ್ಟು ವರ್ಷ ಸಂಸಾರ ಮಾಡಿದ ಹೆಂಗಸು ಅದನ್ನು ಹೇಗೆ ನುಂಗಬೇಕು? ಹಸಿದ ಕಾಗೆ ಅದು, ಯಾವಾಗಲೋ ಒಮ್ಮೆ ಇಳಿಯಲೇಬೇಕಿತ್ತು ಅಂತ ನನಗೆ ನಾನೇ ಹೇಳಿಕೊಂಡೆ. ಅದನ್ನೇ ಅವಳ ಮುಂದೆ ನಿಂತು ಹೇಳುವಷ್ಟು ಧೈರ್ಯ ಮಾತ್ರ... ಕಂಡಕ್ಟರ್ ಡ್ಯೂಟಿಯಲ್ಲಿ ಟಿಕೆಟ್ ಹರಿಯುವಾಗಲೂ ಅದೇ ಯೋಚನೆ. ಎರಡು ಸಲ ಚಿಲ್ಲರೆ ತಪ್ಪಿ ಕೊಟ್ಟು ಬೈಸಿಕೊಂಡೆ.

ನಿನ್ನ ನೋಟ್‌ಬುಕ್ಕನ್ನು ಮಗಳು ತಂದುಕೊಟ್ಟಾಗ ಇನ್ನೊಂದು ಪೇಚು: ಅದರಲ್ಲಿ ಎರಡನೆಯ ಭಾಗ ಪೂರ್ತಿ ಇರಲಿಲ್ಲ. ಮೇಲಿನ ಸ್ಟ್ಯಾಂಡಿನ ಮೂಲೆಯಲ್ಲಿ ಒಂದು ಬಸ್ಸು. ಅದರ ಬೋರ್ಡಿನ ಮೇಲೆ ಊರಿನ ಹೆಸರಿಲ್ಲ, ಕಳೆದುಹೋದ ದಿನಗಳಿವೆ. ಸಣ್ಣಪ್ಪ ತಪ್ಪು ದಿನಕ್ಕೆ ಹತ್ತಿ ತನ್ನದೇ ತೊಟ್ಟಿಲ ಶಾಸ್ತ್ರಕ್ಕೆ ಹೋಗುತ್ತಾನೆ, ತನ್ನನ್ನೇ ಎತ್ತಿಕೊಳ್ಳುತ್ತಾನೆ, ತನ್ನಿಂದಲೇ ಅಂಗಿ ಒದ್ದೆ ಮಾಡಿಸಿಕೊಳ್ಳುತ್ತಾನೆ. ಓದುತ್ತಾ ಒಬ್ಬನೇ ನಕ್ಕೆ. ಕೊನೆಗೆ ಕಂಟ್ರೋಲರ್ ಕನಿಕರಪಟ್ಟು, “ಇನ್ನು ಒಂದೇ ಟ್ರಿಪ್ಪು, ಒಂದೇ ತಾಸು. ಯಾವ ದಿನಕ್ಕೆ ಕೊಡಲಿ?” ಅನ್ನುತ್ತಾನೆ. ಅಲ್ಲಿಗೆ ನಿನ್ನ ಅಕ್ಷರ ನಿಂತಿದೆ. ಮುಂದೆ ಖಾಲಿ ಹಾಳೆ. ಯಾವ ದಿನ ಗಣಪಣ್ಣ? ಯಾರನ್ನು ಕೇಳಬೇಕಿತ್ತೋ ಅವಳೇ ನನಗೆ ಮುಖ ಕೊಡುತ್ತಿರಲಿಲ್ಲ.

ಆಗ ನೆನಪಾದದ್ದು ನಿಮ್ಮ ಮನೆಯ ಹಿಂದಿನ ಚಪ್ಪರ, ರಜೆಯ ದಿನಗಳ ತಾಲೀಮು. ಒಳಗಿಂದ ವೈನಿ ಕೂಗುತ್ತಿದ್ದಳು, “ಅನ್ನ ಆರ್ತದೆ!” ನೀನು “ಬಂದೆ, ಬಂದೆ” ಅನ್ನುತ್ತಿದ್ದೆ. ಮತ್ತೊಂದು ದೃಶ್ಯ, ಮತ್ತೊಂದು ಕೂಗು. ಮೂರು ಗಂಟೆಗೆ ಆರಿದ ಅನ್ನಕ್ಕೆ ಆರಿದ ಸಾರು. ನಿನ್ನನ್ನು ಹಿಡಿದು ಕೂರಿಸಿದವರಲ್ಲಿ ನಾನೇ ಮೊದಲನೆಯವ. ಇದನ್ನು ನಿನಗೆ ಎಂದೂ ಹೇಳಿರಲಿಲ್ಲ, ತಾಲೀಮಿಗೆ ಬರುವ ಮೊದಲು ನಾನು ಮನೆಯಲ್ಲಿ ಬಿಸಿಬಿಸಿ ಉಂಡೇ ಬರುತ್ತಿದ್ದೆ. ನಾಚಿಕೆಯಾಗುತ್ತದೆ ಈಗ. ಹಾಗಾಗಿ ಸಣ್ಣಪ್ಪನನ್ನು ಒಂದು ಸಾದಾ ಮಧ್ಯಾಹ್ನಕ್ಕೆ ಕಳಿಸಿದೆ. ಅವನು ಹೆಂಡತಿ ಕರೆದ ಕೂಡಲೆ ಬಂದು ಉಣ್ಣುತ್ತಾನೆ. “ಇವತ್ತು ಸೂರ್ಯ ಪಡುವಣದಲ್ಲಿ ಹುಟ್ಟಿದ್ನಾ?” ಅಂತ ಅವಳು ರೇಗಿಸುತ್ತಾಳೆ. ತಾನು ಸತ್ತವನು ಅಂತ ಅವನು ಹೇಳುವ ಹಾಗಿಲ್ಲ. ಬಸ್ಸು ಹಾರ್ನ್ ಹೊಡೆಯುತ್ತದೆ, ಏಳುತ್ತಾನೆ. ಅಷ್ಟೇ.

ಅಂಕೋಲೆಯ ಪ್ರಯೋಗ ನಿನ್ನ ವರ್ಷಾಂತ ಕಳೆದ ಮೇಲೆ, ಸಂಜೆ ಆರಕ್ಕೆ. ವೈನಿ ಬರುವುದಿಲ್ಲ ಅಂದುಕೊಂಡಿದ್ದೆ. ಪರದೆಯ ಸಂದಿಯಿಂದ ನೋಡಿದರೆ ಮೊದಲ ಸಾಲಿನಲ್ಲೇ ಕೂತಿದ್ದಾಳೆ, ಪಕ್ಕದಲ್ಲಿ ಮಗಳು. ನಾಟಕ ಶುರುವಾಗುವುದೇ ಕಾಗೆ ಮುಟ್ಟದ ಹಳೆಯ ಕತೆಯಿಂದ. ಅದನ್ನು ಬಿಡೋಣವೆಂದರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ. “ನನ್ನ ಕಾಗೆ ಎಲ್ಲಿ ಸತ್ತದೆ ಮಾರಾಯ್ರೇ?” ಅಂದೆ. ಜನ ಗೊಳ್ಳೆಂದು ನಕ್ಕರು. ವೈನಿ ಎದ್ದಳು. ಎದ್ದು, ಸೆರಗು ಸರಿಮಾಡಿಕೊಂಡು, ಬಾಗಿಲ ಕಡೆ ನಡೆದೇಬಿಟ್ಟಳು. ನನಗೆ ಮುಂದಿನ ಮಾತು ಮರೆತುಹೋಯಿತು. ಪಕ್ಕದವನು ಎರಡು ಸಲ ಪಿಸುಗುಟ್ಟಿದ ಮೇಲೆ ಬಾಯಿ ತೆರೆದೆ. ಆಮೇಲಿನ ಒಂದೂವರೆ ತಾಸು ನಾನು ಆಡಿದ್ದು ಆ ಖಾಲಿ ಕುರ್ಚಿ ನೋಡುತ್ತ.

ನಾಟಕ ಮುಗಿದಾಗ ನೀನು ಮಾಡುತ್ತಿದ್ದುದನ್ನೇ ಮಾಡಿದೆ. ಅಭಿಪ್ರಾಯದ ವಹಿಯನ್ನು ಬಾಗಿಲಲ್ಲಿಟ್ಟು, ಬಣ್ಣ ಒರೆಸಿಕೊಂಡು, ತಲೆಗೆ ಮಫ್ಲರ್ ಸುತ್ತಿ ಜನರ ಮಾತು ಕದ್ದು ಕೇಳಲು ಶೇಂಗಾ ಗಾಡಿಯ ಹಿಂದೆ ನಿಂತೆ. ವಹಿಯಲ್ಲಿ ಎಲ್ಲರೂ ‘ಉತ್ತಮ ಪ್ರಯತ್ನ’ ಅಂತ ಬರೆದಿದ್ದರು. ಗಾಡಿಯ ಮುಂದೆ ಬೇರೆಯೇ ಮಾತು. “ಮೊದಲನೇದೇ ಚಲೋ ಇತ್ತು.” “ತೊಟ್ಟಿಲ ಸೀನು ಮಾತ್ರ ಭಾರೀ.” “ಅಲ್ಲಾ, ಅಷ್ಟು ಕಷ್ಟಪಟ್ಟು ಕಾಲ ದಾಟಿ ಬಂದವ ಊಟ ಮಾಡೂಕೆ ಬಂದ್ನಾ? ಬಂಗಾರದ ರೇಟು ಕಮ್ಮಿ ಇದ್ದಾಗ ಹೋಗಿ ತಕಂಡಿಡ್ಬೇಕಿತ್ತಪ್ಪ!” “ಗಣಪಣ್ಣ ಇದ್ದಿದ್ರೆ ಕಡೆಗೆ ನಗಿಸೇ ಕಳಸ್ತಿದ್ದ.” ಕೊನೆಯದು ನನಗೆ ಸರಿಯಾಗಿ ತಾಗಿತು.

“ಮಾದೇವಾ.”

ಮಫ್ಲರಿನೊಳಗೂ ವೈನಿ ಗುರುತು ಹಿಡಿದಿದ್ದಳು. ನಿನ್ನ ಉಪಾಯ ನಮಗಷ್ಟೇ ಗೊತ್ತು ಅಂದುಕೊಂಡಿದ್ದೆವಲ್ಲ, ಅವಳಿಗೆ ಯಾವಾಗಲೋ ಗೊತ್ತಿತ್ತಂತೆ. “ಎದ್ದು ಹೋದೆ ಅಂತ ಮಾಡ್ದ್ಯಾ?” ಅಂದಳು. “ಮುಂದೆ ಕೂತ್ರೆ ಎಲ್ಲರೂ ನಾಟಕ ಬಿಟ್ಟು ನನ್ನ ಮುಖ ನೋಡ್ತಿದ್ರು. ಬಾಗಿಲ ಹತ್ರ ನಿಂತು ನೋಡ್ದೆ.” ಒಂದು ವರ್ಷದ ಬೈಗುಳ ಈಗ ಬರುತ್ತದೆ ಅಂತ ಕಾದೆ. ಅವಳು ಹೇಳಿದ್ದೇ ಬೇರೆ. “ನೀ ಉಂಡದ್ದು ಸಮ ಇಲ್ಲ. ಅವ್ರು ಹಾಂಗೆ ಉಣ್ತಿರ್ಲಿಲ್ಲ. ಬಂಗಡೆ ತುಂಡನ್ನ ತಾಟಿನ ಬದಿಗೆ ಸರ್ಸಿ ಇಡೂರು, ಕಡೆಗೆ ತಿನ್ನೂಕೆ ಅಂತ. ಅಷ್ಟೊತ್ತಿಗೆ ನೀವು ಯಾರಾರೂ ಕರೀತಿದ್ರಿ. ಮೀನ ಅಲ್ಲೇ ಬಿಟ್ಟು ಎದ್ದು ಓಡೂರು.” ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಕಾರವಾರದಲ್ಲಿ ಖಾಲಿ ತಾಟು ಇಡ್ಬೇಡಿ. ಅನ್ನ ನಾ ಮಾಡ್ಕಂಡು ಬತ್ತೆ.” ಗಾಡಿಯವನು ಶೇಂಗಾದ ಪೊಟ್ಟಣ ಕೊಟ್ಟ. ದುಡ್ಡು ಕೊಡದೆ ಹೊರಟವನನ್ನು ಅವನೇ ಕೂಗಿ ನಿಲ್ಲಿಸಿದ.

ಕಾರವಾರದ್ದು ಭಾನುವಾರ ಮಧ್ಯಾಹ್ನ. ವೈನಿ ಶಿರವಾಡದ ತನ್ನ ತಂಗಿಯ ಮನೆಯಲ್ಲಿ ಅಡಿಗೆ ಮಾಡಿ, ಡಬ್ಬಿಗೆ ಟವೆಲ್ ಸುತ್ತಿ ರಿಕ್ಷಾದಲ್ಲಿ ತಂದಳು. ಕೊನೆಯ ದೃಶ್ಯದಲ್ಲಿ ಬಂಗಡೆ ಸಾರಿನ ವಾಸನೆ ಎದುರಿನ ಸಾಲುಗಳಿಗೆ ಹೋದದ್ದು ನನಗೆ ಮುಖಗಳಲ್ಲೇ ಕಂಡಿತು. ಅವಳು ಹೇಳಿದ ಹಾಗೆ ಮೀನನ್ನು ಬದಿಗೆ ಸರಿಸಿಟ್ಟೆ. ಅನ್ನ ಉಂಡೆ. ಹಾರ್ನ್ ಆಯಿತು. ಮೀನು ಬಿಟ್ಟು ಎದ್ದೆ. ಆಗ ನಡುವಿಂದ ಒಬ್ಬ ಅಜ್ಜ ಎದ್ದು ನಿಂತು ಕೂಗಿದ: “ಮೀನ ತಿಂದ್ಕಂಡೇ ಹೋಗೋ ಮಾರಾಯಾ! ಬಸ್ಸು ನಿಲ್ತದೆ!” ಹಿಂದಿನಿಂದಲೂ ಕೂಗಿದರು, “ತಿಂದ್ಕಂಡೇ ಹೋಗು!” ಕಂಟ್ರೋಲರ್ ಪಾತ್ರದವನು ಕಕ್ಕಾಬಿಕ್ಕಿಯಾಗಿ, ಆಮೇಲೆ ಥೇಟ್ ನಿನ್ನ ದನಿಯಲ್ಲೇ ಮೈಕಿನಲ್ಲಿ ಹೇಳಿದ: “ಬಸ್ಸು ಐದು ನಿಮಿಷ ತಡವಾಗಿ ಹೊರಡಲಿದೆ.” ನಾನು ಮತ್ತೆ ಕೂತೆ. ಅಷ್ಟು ಜನರ ಎದುರಿಗೆ, ಮುಳ್ಳು ಬಿಡಿಸಿ, ಪೂರ್ತಿ ತಿಂದೆ. ಜನ ನಗುತ್ತಲೇ ಎದ್ದು ಹೋದರು, ಗಣಪಣ್ಣ. ಕಡೆಗೆ ನಗಿಸೇ ಕಳಿಸಿದೆವು.

ಆ ಅಜ್ಜ ತೋಡೂರಿನ ಕಾಲೊನಿಯವ, ನೌಕಾನೆಲೆಗೆ ಊರು ಬಿಟ್ಟುಕೊಟ್ಟು ಬಂದವ. ಹೊರಗೆ ಸಿಕ್ಕು ಹೇಳಿದ: “ನಾನಾಗಿದ್ರೆ ನನ್ನ ಹಳೇ ಮನೆಗೆ ಟಿಕೆಟ್ ಕೇಳ್ತಿದ್ದೆ.” ಅಲ್ಲಿ ಹೋಗಿ ಏನು ಮಾಡ್ತಿದ್ರಿ ಅಂದೆ. ಒಂದು ಗಳಿಗೆ ಯೋಚಿಸಿದ. “ಎಂತ ಮಾಡೂದು? ನಾನೂ ಉಣ್ತಿದ್ದೆ,” ಅಂದ.

ಒಂದು ಸುದ್ದಿಯನ್ನು ಕಡೆಗೆ ಅಂತ ಬದಿಗೆ ಇಟ್ಟಿದ್ದೆ, ನಿನ್ನ ಬಂಗಡೆಯ ಹಾಗೆ. ಅವತ್ತು ನಾಟಕಕ್ಕೆ ಮೊದಲು ಹಾಲಿನ ಹಿಂದೆ ವೈನಿ ಡಬ್ಬಿ ತೆರೆದಳು. ಹಬೆ ಏಳುತ್ತಿತ್ತು. ತಾಟಿಗೆ ಬಡಿಸುವ ಮೊದಲು ಒಂದು ಮುಷ್ಟಿ ಅನ್ನ, ಸಣ್ಣದೊಂದು ಮೀನ ತುಂಡು ಬಾಳೆಲೆಯ ಚೂರಿನ ಮೇಲೆ ಹಾಕಿ ಕಾಂಪೌಂಡಿನ ಗೋಡೆಯ ಮೇಲಿಟ್ಟಳು. ಬಾಯಿ ಬಿಗಿದುಕೊಂಡು ನಿಂತೆ, ಈ ಸಲ ಒಂದಕ್ಷರ ಆಡಬಾರದು ಅಂತ. ಅವಳೂ ಯಾವ ಮಾತೂ ಕೊಡಲಿಲ್ಲ. ಅವಳು ಕೈ ಪೂರ್ತಿ ಹಿಂದೆ ತೆಗೆದಿರಲಿಲ್ಲ, ಗೋಡೆಯ ಆಚೆಯಿಂದ ಕಾಗೆ ಬಂದು ಕೂತಿತು.

ವೈನಿ ಅದನ್ನೇ ನೋಡುತ್ತ ನಿಂತಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು:

“ಇವತ್ತು ಕರೀದೇನೇ ಬಂದ್ರು ನೋಡು. ಅನ್ನ ಇನ್ನೂ ಆರ್ಲಿಲ್ಲ.”

ನಿನ್ನ,
ಮಾದೇವ